ದೈತ್ಯ ಕುಂಬಳಕ್ಕೆ ಮಣ್ಣಿನ ಕೆಲಸ ಈಗಿನಿಂದಲೇ

ಅಮೆರಿಕ, ಕೆನಡಾಗಳಲ್ಲಿ ದೈತ್ಯ ಕುಂಬಳಕಾಯಿಗಳ ತೂಕದ ಸ್ಪರ್ಧೆಗಳು ಹತ್ತಿರ ಬರುತ್ತಿವೆ. 2023ರಲ್ಲಿ ಮಿನ್ನೆಸೋಟದ ಟ್ರಾವಿಸ್ ಗಿಂಗರ್ ಅವರು ಕ್ಯಾಲಿಫೋರ್ನಿಯದ ಹಾಫ್ ಮೂನ್ ಬೇಯಲ್ಲಿ ತೂಗಿಸಿದ ಕಾಯಿ 2,749 ಪೌಂಡ್ ಇತ್ತು, ಅಂದರೆ 1,247 ಕಿಲೊ. ಸೆಪ್ಟೆಂಬರ್ ಬಂತೆಂದರೆ ಅಲ್ಲಿರುವ ನಮ್ಮ ಓದುಗರಿಗೂ ಹಿತ್ತಲಲ್ಲಿ ಇಂಥದ್ದೊಂದು ಬೆಳೆಯುವ ಹುಮ್ಮಸ್ಸು ಬರುತ್ತದೆ. ಬಂದ ಪತ್ರಗಳಲ್ಲಿ ಮಣ್ಣಿಗೆ ಸಂಬಂಧಿಸಿದವನ್ನು ಆಯ್ದು ಉತ್ತರಿಸಿದ್ದೇವೆ. ಬೀಜ, ಪರಾಗಸ್ಪರ್ಶ, ಕೀಟಗಳ ವಿಚಾರ ಇನ್ನೊಂದು ಸಂಚಿಕೆಗೆ ಇರಲಿ.

ಪ್ರಶ್ನೆ: ಹಿತ್ತಲಲ್ಲಿ 30 ಅಡಿ ಉದ್ದ, 30 ಅಡಿ ಅಗಲದ ಹುಲ್ಲುಹಾಸು ಇದೆ. ಬರುವ ಮೇ ತಿಂಗಳಲ್ಲಿ ಅಲ್ಲಿ ಅಟ್ಲಾಂಟಿಕ್ ಜೈಂಟ್ ತಳಿ ನಾಟಿ ಮಾಡುವ ಯೋಚನೆ. ಮಣ್ಣಿನ ಕೆಲಸ ಏಪ್ರಿಲ್‌ನಲ್ಲಿ ಶುರು ಮಾಡಿದರೆ ಸಾಲದೇ?
– ಮಿನಿಯಾಪೊಲಿಸ್ ಓದುಗರು

ಉತ್ತರ: ಸಾಲದು. ಸುಣ್ಣ ಮಣ್ಣಿನಲ್ಲಿ ಕೆಲಸ ಮಾಡಲು ತಿಂಗಳುಗಳೇ ಬೇಕು. ಗೊಬ್ಬರ ಕಳಿಯಲೂ ಸಮಯ ಬೇಕು. ಅದಲ್ಲದೆ ನಿಮ್ಮ ಕಡೆ ಏಪ್ರಿಲ್‌ನಲ್ಲಿ ಹಿಮ ಕರಗಿ ನೆಲವೆಲ್ಲ ಕೆಸರಾಗಿರುತ್ತದೆ, ಆಗ ಅಗೆದರೆ ಮಣ್ಣು ಕೆಡುತ್ತದೆಯೇ ಹೊರತು ಹದವಾಗುವುದಿಲ್ಲ. ಜಾಗದ ವಿಷಯಕ್ಕೆ ಬಂದರೆ, 900 ಚದರ ಅಡಿ ಒಂದು ಗಿಡಕ್ಕೆ ಸರಿಯಾಗುತ್ತದೆ. ಎರಡು ಗಿಡ ಹಾಕುವ ಆಸೆ ಬೇಡ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹತ್ತು ಕಡೆ 6ರಿಂದ 8 ಇಂಚು ಆಳದವರೆಗೆ ಮಣ್ಣು ತೆಗೆದು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ನೆರಳಲ್ಲಿ ಆರಿಸಿ ಅರ್ಧ ಕಿಲೊ ಕಳಿಸಿದರೆ ಸಾಕು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲೇ ಇದಕ್ಕೆ ಪ್ರಯೋಗಾಲಯವಿದೆ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ), ಸಾವಯವ ಅಂಶ, ರಂಜಕ, ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆಲ್ಲದರ ಜತೆ ಕರಗುವ ಲವಣಾಂಶವನ್ನೂ ಕೇಳಿ ಮಾಡಿಸಿ. ಪಿಎಚ್ 6.5ರಿಂದ 6.8ರ ನಡುವೆ ಇದ್ದರೆ ಕುಂಬಳಕ್ಕೆ ಒಳ್ಳೆಯದು. ಅದಕ್ಕಿಂತ ಕಡಿಮೆಯಿದ್ದರೆ ಸುಣ್ಣ ಹಾಕಿ: ಮೆಗ್ನೀಸಿಯಂ ಕೊರತೆ ಇದ್ದರೆ ಡಾಲೊಮೈಟ್, ಇಲ್ಲದಿದ್ದರೆ ಬರೀ ಕ್ಯಾಲ್ಸಿಯಂ ಸುಣ್ಣ. ಒಂದೇ ಸಲಕ್ಕೆ 100 ಚದರ ಅಡಿಗೆ 5 ಪೌಂಡ್ ಮೀರಬೇಡಿ. ವರದಿ ಹೆಚ್ಚು ಕೇಳಿದರೆ ಉಳಿದದ್ದು ವಸಂತಕ್ಕೆ.

ಹುಲ್ಲುಹಾಸನ್ನು ಸನಿಕೆಯಿಂದ ತೆಳುವಾಗಿ ಸೀಳಿ ತೆಗೆದು ಬೇರೆಡೆ ಕೊಳೆಯಲು ರಾಶಿ ಹಾಕಿ. ಮೊದಲ ವರ್ಷ ಇಡೀ ಜಾಗಕ್ಕೆ 3 ಇಂಚು ದಪ್ಪ ಕಾಂಪೋಸ್ಟ್ ಹರಡಬೇಕು. 900 ಚದರ ಅಡಿಗೆ ಇದು 225 ಘನ ಅಡಿ, ಅಂದರೆ ಎಂಟು ಘನ ಗಜಕ್ಕೆ ಸ್ವಲ್ಪ ಹೆಚ್ಚು. ಚೀಲದಲ್ಲಿ ಕೊಂಡರೆ ಜೇಬು ಖಾಲಿಯಾಗುತ್ತದೆ, ಲಾರಿಯಲ್ಲಿ ತರಿಸಿ. ಹಸಿ ಸಗಣಿ ಹಾಕುವ ಇಷ್ಟವಿದ್ದರೆ ಅದಕ್ಕೂ ಇದೇ ಕಾಲ. ವಸಂತದಲ್ಲಿ ಹಾಕಿದ ಹಸಿ ಗೊಬ್ಬರದ ಅಮೋನಿಯ ಮತ್ತು ಉಪ್ಪು ಎಳೆಬೇರನ್ನು ಸುಡುತ್ತವೆ. ಎಲ್ಲವನ್ನೂ 10ರಿಂದ 12 ಇಂಚು ಆಳಕ್ಕೆ ಬೆರೆಸಿ, ಮೇಲೆ ಹಸಿರು ಗೊಬ್ಬರಕ್ಕೆಂದು ಚಳಿಗಾಲದ ರೈ ಧಾನ್ಯವನ್ನು 3 ಪೌಂಡ್‌ನಷ್ಟು ಚೆಲ್ಲಿ. ಅಕ್ಟೋಬರ್ ಮೊದಲ ವಾರ ದಾಟಿಸಬೇಡಿ. ವಸಂತದಲ್ಲಿ ಅದು ಮೊಣಕಾಲೆತ್ತರ ಬರುವ ಮೊದಲೇ ಕತ್ತರಿಸಿ, ನಾಟಿಗೆ ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಿ. ಬಲಿತು ನಾರಾದ ರೈ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತದೆ. ಆಗ ಸಸಿ ಹಳದಿ ಬಣ್ಣಕ್ಕೆ ತಿರುಗಿ ಕೂರುತ್ತದೆ.

ವಸಂತದಲ್ಲಿ ಮಣ್ಣಿಗೆ ಕೈಹಾಕುವ ಮೊದಲು ಒಂದು ಹಿಡಿ ತೆಗೆದು ಹಿಸುಕಿ ನೋಡಿ. ಹೆಬ್ಬೆರಳಿಂದ ಒತ್ತಿದಾಗ ಉದುರಿದರೆ ಹದ ಬಂದಿದೆ. ಮುದ್ದೆಯ ಹಾಗೆ ಅಂಟಿ ನಿಂತರೆ ಗುದ್ದಲಿ ಒಳಗಿಟ್ಟು ನಾಲ್ಕು ದಿನ ಕಾಯಿರಿ. ನಾಟಿಗೆ 4 ಇಂಚು ಆಳದಲ್ಲಿ ಮಣ್ಣಿನ ಉಷ್ಣಾಂಶ ಕನಿಷ್ಠ 16 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡು ವಾರ ಮುಂಚೆ ಕಪ್ಪು ಪ್ಲಾಸ್ಟಿಕ್ ಹೊದಿಸಿಟ್ಟರೆ ನೆಲ ಬೇಗ ಬಿಸಿಯೇರುತ್ತದೆ.

ಪ್ರಶ್ನೆ: ನಮ್ಮದು ಹೊಸ ಬಡಾವಣೆಯ ಮನೆ. ಒಂದು ಗೇಣು ಅಗೆದರೆ ಸಾಕು, ಹಾರೆ ಕಲ್ಲಿಗೆ ಬಡಿದಂತಾಗುತ್ತದೆ. ಜೇಡಿ ಮಣ್ಣು. ಮರಳು ಬೆರೆಸಿದರೆ ಸಡಿಲವಾಗುತ್ತದೆಯೇ?
– ನ್ಯೂಜೆರ್ಸಿ ಓದುಗರು

ಉತ್ತರ: ಮರಳು ಖಂಡಿತ ಬೇಡ. ಜೇಡಿಗೆ ಸ್ವಲ್ಪ ಮರಳು ಬೆರೆತರೆ, ಜೇಡಿಯ ಕಣಗಳು ಮರಳಿನ ಸಂದುಗಳನ್ನೆಲ್ಲ ತುಂಬಿ, ಒಣಗಿದಾಗ ಮಣ್ಣು ಮೊದಲಿಗಿಂತ ಗಟ್ಟಿಯಾಗುತ್ತದೆ. ಮರಳಿನಿಂದ ಪ್ರಯೋಜನ ಆಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಮಣ್ಣನ್ನೇ ಬದಲಿಸಬೇಕಾಗುತ್ತದೆ.

ನಿಮ್ಮ ತೊಂದರೆಗೆ ಬಹುಪಾಲು ಕಾರಣ ಮನೆ ಕಟ್ಟುವಾಗ ಓಡಾಡಿದ ಯಂತ್ರಗಳು. ಅವುಗಳ ಭಾರಕ್ಕೆ ಮೇಲ್ಮಣ್ಣಿನ ಕೆಳಗೆ ಗಡಸು ಪದರ ಕಟ್ಟಿರುತ್ತದೆ. ಅದು ಎಷ್ಟು ಆಳದಲ್ಲಿದೆ ಎಂದು ತಿಳಿಯಲು, ಚೆನ್ನಾಗಿ ಮಳೆ ಬಂದ ಮರುದಿನ ಬೆರಳುಗಾತ್ರದ ಕಬ್ಬಿಣದ ಸರಳನ್ನು ಕೈಬಲದಿಂದಲೇ ಒತ್ತಿ. ನಿಂತಲ್ಲಿ ಗುರುತು ಹಾಕಿ. ಹತ್ತು ಹನ್ನೆರಡು ಕಡೆ ಹೀಗೆ ಮಾಡಿದರೆ ಚಿತ್ರಣ ಸಿಗುತ್ತದೆ. ಕುಂಬಳದ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದರಿಂದ ಒಂದೂವರೆ ಅಡಿಯಲ್ಲೇ ಹರಡುತ್ತವೆ. ತಾಯಿಬೇರು ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಒಂದೂವರೆ ಅಡಿಯವರೆಗಾದರೂ ನೆಲ ಬಿಡಿಸಲೇಬೇಕು.

ಬಿಡಿಸುವುದೆಂದರೆ ಮಣ್ಣನ್ನು ಮಗುಚುವುದಲ್ಲ, ಕೆಳಮಣ್ಣು ಮೇಲೆ ಬರಕೂಡದು. ಎರಡು ಹಿಡಿಗಳಿರುವ ಉದ್ದ ಹಲ್ಲಿನ ಬ್ರಾಡ್‌ಫೋರ್ಕ್ ಸಿಕ್ಕರೆ, 8 ಇಂಚಿಗೊಮ್ಮೆ ಚುಚ್ಚಿ ಹಿಂದಕ್ಕೆ ಬಗ್ಗಿಸುತ್ತ ಹೋಗಿ. ಇಲ್ಲದಿದ್ದರೆ ಎರಡು ಅಡಿ ಅಗಲದ ಸಾಲು ತೋಡಿ, ಮೇಲ್ಮಣ್ಣನ್ನು ಪಕ್ಕಕ್ಕಿಟ್ಟು, ತಳವನ್ನು ಫೋರ್ಕ್‌ನಿಂದ ಕೆದಕಿ, ತಳದಲ್ಲೇ ಕಾಂಪೋಸ್ಟ್ ಬೆರೆಸಿ, ಪಕ್ಕದ ಸಾಲಿನ ಮೇಲ್ಮಣ್ಣನ್ನು ಅದರ ಮೇಲೆ ಎಳೆದುಕೊಳ್ಳಿ. ಬೆನ್ನು ನೋಯುವ ಕೆಲಸ, ನಿಜ. ಆದರೆ ಯಂತ್ರದಲ್ಲಿ ಪ್ರತಿ ವರ್ಷ ಒಂದೇ ಆಳಕ್ಕೆ ಉಳುತ್ತ ಹೋದರೆ ಅದರ ಹಲ್ಲುಗಳ ಕೆಳಗೇ ಹೊಸ ಗಡಸು ಪದರ ಹುಟ್ಟುತ್ತದೆ.

ನೀರು ಇಂಗುವುದನ್ನೂ ಪರೀಕ್ಷಿಸಿ. ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲ ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ, ನಾಟಿ ಮಾಡುವ ಜಾಗದಲ್ಲಿ 8 ಅಡಿ ಅಗಲ, 10 ಇಂಚು ಎತ್ತರದ ದಿಬ್ಬ ಕಟ್ಟಿ, ಅಂಚಿನಲ್ಲಿ ಬಸಿಗಾಲುವೆ ತೆಗೆಯಿರಿ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಟವೇ ಇರುವುದಿಲ್ಲ, ಬುಡ ಕೊಳೆತು ಜುಲೈನಲ್ಲಿ ಬಳ್ಳಿ ಸೊರಗುತ್ತದೆ. ಜಿಪ್ಸಂ ಹಾಕಿದರೆ ಎಲ್ಲ ಜೇಡಿಯೂ ಸಡಿಲವಾಗುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಸೋಡಿಯಂ ಹೆಚ್ಚಿರುವ ಮಣ್ಣಿಗೆ ಮಾತ್ರ ಅದು ನಿಜ. ಉಳಿದೆಡೆ ಅದು ಪಿಎಚ್ ಏರಿಸದೆ ಕ್ಯಾಲ್ಸಿಯಂ, ಗಂಧಕ ಕೊಡುವ ವಸ್ತು, ಅಷ್ಟೆ.

ಪ್ರಶ್ನೆ: ಪಕ್ಕದ ಕುದುರೆ ಲಾಯದಿಂದ ಗೊಬ್ಬರ ಪುಕ್ಕಟೆ ಸಿಗುತ್ತದೆ. ವರ್ಷವರ್ಷವೂ ಧಾರಾಳವಾಗಿ ಹಾಕುತ್ತ ಬಂದಿದ್ದೇವೆ. ಈಗ ಎಲೆಯ ಅಂಚು ಕಂದಿ ಒಣಗುತ್ತಿದೆ, ಕೆಲವು ಚಿಗುರೆಲೆಗಳು ಮುದುಡಿಕೊಂಡಿವೆ. ಇನ್ನಷ್ಟು ಗೊಬ್ಬರ ಬೇಕೇ?
– ಒಂಟಾರಿಯೊ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಲಕ್ಷಣಗಳಿವೆ. ಅಂಚು ಸುಡುವುದಕ್ಕೆ ಲವಣ ಹೆಚ್ಚಾಗಿರುವ ಸಾಧ್ಯತೆಯೇ ಜಾಸ್ತಿ. ಸಗಣಿ, ಲದ್ದಿಗಳಲ್ಲಿ ರಂಜಕ ಮತ್ತು ಪೊಟ್ಯಾಶಿಯಂ ಗಿಡ ಬಳಸುವುದಕ್ಕಿಂತ ಹೆಚ್ಚಿರುತ್ತವೆ, ಮಿಕ್ಕದ್ದು ವರ್ಷವರ್ಷ ಮಣ್ಣಿನಲ್ಲೇ ಉಳಿಯುತ್ತ ಹೋಗುತ್ತದೆ. ಅತಿಯಾದ ಪೊಟ್ಯಾಶಿಯಂ, ಗಿಡ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೀರುವುದಕ್ಕೆ ಅಡ್ಡಿ ಮಾಡುತ್ತದೆ. ಅತಿಯಾದ ರಂಜಕವಿದ್ದಲ್ಲಿ ಬೇರಿನ ಮಿತ್ರ ಶಿಲೀಂಧ್ರ ಮೈಕೊರೈಜಾ ನೆಲೆಯೂರುವುದಿಲ್ಲ. ಅಂಥ ಮಣ್ಣಿಗೆ ಡಬ್ಬಿಗಟ್ಟಲೆ ಮೈಕೊರೈಜಾ ಪುಡಿ ಸುರಿಯುವುದು ದುಡ್ಡು ದಂಡ.

ಗೊಬ್ಬರ ನಿಲ್ಲಿಸಿ. ಲವಣಾಂಶ ಹೆಚ್ಚೆಂದು ವರದಿ ಬಂದು, ನೆಲದಲ್ಲಿ ನೀರು ಚೆನ್ನಾಗಿ ಬಸಿಯುವಂತಿದ್ದರೆ ನೀರಿನಿಂದಲೇ ತೊಳೆಯಬಹುದು: 6 ಇಂಚು ನೀರು ನಿಧಾನವಾಗಿ ಇಂಗಿದರೆ ಉಪ್ಪು ಸುಮಾರು ಅರ್ಧಕ್ಕಿಳಿಯುತ್ತದೆ. ರಂಜಕ ಹೀಗೆ ತೊಳೆದು ಹೋಗುವಂಥದ್ದಲ್ಲ, ಅದು ಇಳಿಯಲು ವರ್ಷಗಳೇ ಬೇಕು. ಸಾವಯವ ಅಂಶಕ್ಕೆ ಶರತ್ಕಾಲದಲ್ಲಿ ಉದುರಿದ ಮೇಪಲ್ ಎಲೆಗಳನ್ನು ಪುಡಿಮಾಡಿ ಕೊಳೆಸಿ ಬಳಸಿ. ಸಾರಜನಕ ಬೇಕೆಂದು ವರದಿ ಹೇಳಿದರೆ, ರಂಜಕವಿಲ್ಲದ ರಕ್ತದ ಪುಡಿಯಂಥದ್ದನ್ನು ಅಳತೆ ನೋಡಿ ಕೊಡಿ.

ಚಿಗುರು ಮುದುಡುವುದು ಇದಕ್ಕಿಂತ ಗಂಭೀರ. ಹುಲ್ಲುಗಾವಲಿಗೆ ಹೊಡೆಯುವ ಅಮಿನೊಪೈರಾಲಿಡ್, ಕ್ಲೊಪೈರಾಲಿಡ್ ಕಳೆನಾಶಕಗಳು ಕುದುರೆಯ ಹೊಟ್ಟೆಯಲ್ಲೂ ಕರಗದೆ, ಕಾಂಪೋಸ್ಟ್ ರಾಶಿಯಲ್ಲೂ ಬೇಗ ನಾಶವಾಗದೆ ತೋಟದವರೆಗೆ ಬರುತ್ತವೆ. ಗೊಬ್ಬರ ತರುವ ಮೊದಲು ಪರೀಕ್ಷೆ ಮಾಡಿ: ಗೊಬ್ಬರ ಮತ್ತು ಕುಂಡದ ಮಿಶ್ರಣವನ್ನು ಸಮಪಾಲು ಬೆರೆಸಿ ಮೂರು ಕುಂಡ, ಬರೀ ಕುಂಡದ ಮಿಶ್ರಣ ತುಂಬಿದ ಮೂರು ಕುಂಡ. ಆರರಲ್ಲೂ ಹುರುಳಿಕಾಯಿ ಬೀಜ ಹಾಕಿ. ನಾಲ್ಕು ವಾರದಲ್ಲಿ ಗೊಬ್ಬರದ ಕುಂಡಗಳ ಎಲೆ ಮಾತ್ರ ಬಟ್ಟಲಾಗಿ ಮುದುಡಿದರೆ ಆ ಗೊಬ್ಬರ ಬೇಡ. ಕುಂಡಗಳ ತಟ್ಟೆ ಬೇರೆಬೇರೆ ಇಡಿ, ಬಸಿದ ನೀರು ಒಂದರಿಂದ ಇನ್ನೊಂದಕ್ಕೆ ಹೋದರೆ ಪರೀಕ್ಷೆಯೇ ಹಾಳು.

ಪ್ರಶ್ನೆ: ಬಳ್ಳಿ ಹಬ್ಬಿದ ಮೇಲೆ ಕಳೆ ಕೀಳಲು ಒಳಗೆ ನಡೆದಾಡಬಹುದೇ?
– ಮಿನಿಯಾಪೊಲಿಸ್‌ನ ಇನ್ನೊಬ್ಬರು

ಉತ್ತರ: ಹಲಗೆ ಹಾಕಿ ಅದರ ಮೇಲೆ ಮಾತ್ರ. ಬಳ್ಳಿಯ ಪ್ರತಿ ಗೆಣ್ಣಿನಲ್ಲೂ ಬೇರು ಬಿಡುವಂತೆ ಮಣ್ಣು ಮುಚ್ಚುತ್ತ ಹೋಗುತ್ತೀರಲ್ಲ, ಆ ಬೇರುಗಳೆಲ್ಲ ಮೇಲುಮೇಲೆಯೇ ಇರುತ್ತವೆ. ಕಾಲಿಟ್ಟಲ್ಲಿ ಹರಿಯುತ್ತವೆ.

ಪ್ರಶ್ನೆ: ನಮ್ಮೂರಲ್ಲೂ ಇಂಥ ಕುಂಬಳ ಬೆಳೆಯಬಹುದೇ? ಕೆಂಪು ಮಣ್ಣಿನ ಜಮೀನಿದೆ.
– ಶಿವಮೊಗ್ಗದ ಓದುಗರು

ಉತ್ತರ: ಅಟ್ಲಾಂಟಿಕ್ ಜೈಂಟ್ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹಾವರ್ಡ್ ಡಿಲ್ ಅವರು ಬೆಳೆಸಿದ ತಳಿ. ಜೂನ್‌ನಲ್ಲಿ ಮಿನಿಯಾಪೊಲಿಸ್‌ನ ಹಗಲು ಹದಿನೈದೂವರೆ ಗಂಟೆ, ಶಿವಮೊಗ್ಗದ್ದು ಸುಮಾರು 13. ಅದೂ ಮಳೆಗಾಲದ ಮೋಡದ ಹಗಲು. ನಮ್ಮ ರಾತ್ರಿಗಳೂ ಬೆಚ್ಚಗಿರುವುದರಿಂದ ಹಗಲು ತಯಾರಾದ ಸಕ್ಕರೆಯಲ್ಲಿ ಹೆಚ್ಚು ಪಾಲು ಗಿಡದ ಉಸಿರಾಟಕ್ಕೇ ಖರ್ಚಾಗುತ್ತದೆ. ಗಾತ್ರದ ದಾಖಲೆ ನಿರೀಕ್ಷಿಸಬೇಡಿ.

ಮಣ್ಣಿನ ವಿಧಾನ ಮಾತ್ರ ನಮ್ಮ ಸಿಹಿಕುಂಬಳಕ್ಕೂ ಹೊಂದುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಹಾಕಿ. ಮಳೆ ಹೆಚ್ಚಿರುವ ಕಡೆಯ ಕೆಂಪು ಮಣ್ಣು ಹುಳಿಯಾಗಿರುವುದೇ ಹೆಚ್ಚು, ಕೃಷಿ ವಿಜ್ಞಾನ ಕೇಂದ್ರದಲ್ಲಿ ಪಿಎಚ್ ನೋಡಿಸಿ ಸುಣ್ಣ ಹಾಕಿ. ರೈ ಬದಲು ಸೆಣಬನ್ನೋ ಡಯಾಂಚವನ್ನೋ ಬಿತ್ತಿ, ಆರೇಳು ವಾರಕ್ಕೆ ಹೂ ಮೊಗ್ಗು ಕಂಡಾಗ ಮಣ್ಣಿಗೆ ಸೇರಿಸಿ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಹದಿನೈದು ದಿನ ಬಿಟ್ಟು ಬೀಜ ಹಾಕಿ. ಗುಂಡಿಯ ಬಾಯಿ ನೆಲದ ಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ, ಮಣ್ಣು ಕುಸಿದು ತಗ್ಗಾದರೆ ಮಳೆಗೆ ನೀರು ಅಲ್ಲೇ ನಿಲ್ಲುತ್ತದೆ.