ಫಾರ್ಮ್ ತುಂಬುವಾಗ ಮರ್ಯಾದಿ ನೋಡಬ್ಯಾಡ

ತಮ್ಮಾ, ನೀ ಬರದಿದ್ದು ಎರಡು ಸಲ ಓದಿದೆ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡೂವರೆ ವರ್ಷ, ಕೇರ್ ಹೋಮ್‌ನಾಗ ಕೆಲಸ. ಅಜ್ಜಾರೊಬ್ಬರನ್ನ ಹಾಸಿಗಿಯಿಂದ ಎಬ್ಬಿಸುವಾಗ ಬೆನ್ನಿನ ಡಿಸ್ಕ್ ಜಾರಿ ಆಪರೇಷನ್ ಆತು. ಎಡಗಾಲು ಇನ್ನೂ ಜೋಮು, ಐದು ತಿಂಗಳಿಂದ ಮನ್ಯಾಗ ಇದ್ದಿ. ಜೇವರ್ಗಿಯಾಗ ಅವ್ವ 'ಎಲ್ಲಾ ಬಿಟ್ಟು ಬಾ' ಅಂತ ಅಳ್ತಾಳ. ಅಣ್ಣ 'ಕಲಬುರಗಿ ಜಿಮ್ಸ್ ದವಾಖಾನ್ಯಾಗ ಅಂಗವಿಕಲರ ಸರ್ಟಿಫಿಕೇಟ್ ಮಾಡಿಸೋಣು, ಅದನ್ನ ಅಲ್ಲಿ ತೋರ್ಸು' ಅಂತಾನ. ನೀ ಕೇಳಿದ್ದು ಇಷ್ಟು: ಸರಕಾರದಿಂದ ನನಗ ಏನರ ಸಿಗ್ತದೇನು, ಕೇಳಿದ್ರ ವೀಸಾಕ್ಕ ಧಕ್ಕಿ ಆಗ್ತದೇನು, ಫಾರ್ಮ್‌ನಾಗ ಏನು ಬರೀಬೇಕು.

ನಾ ಕಲಬುರಗಿ ಬ್ರಹ್ಮಪುರದಾಕಿ. ಲೆಸ್ಟರ್‌ಗೆ ಬಂದು ಇಪ್ಪತ್ತು ವರ್ಷದ ಮ್ಯಾಲಾತು. ಕೈಕಾಲಿನ ಕೀಲಿಗೆಲ್ಲಾ ಸಂಧಿವಾತ ಹೊಕ್ಕಾಗಿಂದ ಈ ಫಾರ್ಮುಗಳ ಕೂಡ ಸಂಸಾರ ಮಾಡ್ಲಿಕತ್ತೀನಿ.

ಮೊದಲು ವೀಸಾದ ಮಾತು, ಯಾಕಂದ್ರ ಅದರ ಹೆದರಿಕಿಗೇ ನೀ ಐದು ತಿಂಗಳು ಬಾಯಿ ಮುಚ್ಕೊಂಡು ಕೂತಿದ್ದಿ ಅನಸ್ತದ. ನಿನ್ನ ವೀಸಾದ ಮ್ಯಾಲ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದ್ರ ಸರಕಾರದ ಸಹಾಯಧನ ಕೇಳೂ ಹಂಗಿಲ್ಲ ಅಂತ ಷರತ್ತು ಇರ್ತದ. ಆ 'ಪಬ್ಲಿಕ್ ಫಂಡ್ಸ್' ಒಳಗ ಏನೇನು ಬರ್ತದ ಅನ್ನೂದಕ್ಕ ಒಂದು ಪಟ್ಟಿ ಅದ. ಕಡಿಮಿ ಆದಾಯದಾವರಿಗೆ ಕೊಡೂ ಯೂನಿವರ್ಸಲ್ ಕ್ರೆಡಿಟ್ ಅದರಾಗ ಅದ, ಕೌನ್ಸಿಲ್‌ನವರು ಬಾಡಿಗಿಗೆ ಕೊಡೂ ಮನಿ ಅದ, ಅಂಗವೈಕಲ್ಯಕ್ಕ ಕೊಡೂ ಪಿಪ್ ಅಂದ್ರ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಸುದ್ದಾ ಅದ. ಇವುಕ್ಕ ಈಗ ಕೈ ಹಾಕಬ್ಯಾಡ. ಶಾಶ್ವತವಾಗಿ ಇರೂ ಪರವಾನಗಿ ಸಿಗೂತನಕ ಅವು ನಿನಗಲ್ಲ. ಯಾರರ ದೋಸ್ತ 'ನಾ ತಗೋತೀನಿ, ನೀನೂ ಹಾಕು' ಅಂದ್ರ, ಅವನ ವೀಸಾ ಬ್ಯಾರೆ ಇದ್ದೀತು.

ಆದ್ರ ನಿನ್ನ ಪಗಾರದಾಗಿಂದ ತಿಂಗಳಾ ನ್ಯಾಷನಲ್ ಇನ್ಶೂರೆನ್ಸ್ ಅಂತ ಮುರ್ಕೊಂಡಾರಲ್ಲ, ಅದರ ಮ್ಯಾಲ ಬರೂದು ಭಿಕ್ಷಾ ಅಲ್ಲ, ಪಬ್ಲಿಕ್ ಫಂಡೂ ಅಲ್ಲ. ಈಗ ಮಾಲಕರು ಕೊಡ್ಲಿಕತ್ತ ಸ್ಟ್ಯಾಚುಟರಿ ಸಿಕ್ ಪೇ, ಅಂದ್ರ ಜಡ್ಡಿನ ರಜಾಕ್ಕ ಕಾಯ್ದೆ ಪ್ರಕಾರ ಕೊಡೂ ರೊಕ್ಕ, ಅದೂ ಆ ಪಟ್ಟಿಯಾಗಿಲ್ಲ. 2025ರ ಏಪ್ರಿಲ್‌ದಿಂದ ಒಂದು ವರ್ಷದ ದರ ವಾರಕ್ಕ 118.75 ಪೌಂಡ್ ಇತ್ತು, ಹೆಚ್ಚಂದ್ರ 28 ವಾರ ಕೊಡ್ತಾರ. ನಿನ್ನ ಲೆಕ್ಕದಾಗ ಅದು ಮುಗೀಲಿಕ್ಕೆ ಬಂತು. ಅದರ ಮುಂದ ನೀ ಕೇಳಬೇಕಾದದ್ದು ನ್ಯೂ ಸ್ಟೈಲ್ ಇಎಸ್ಎ, ಅಂದ್ರ ಜಡ್ಡಿನ ಸಲುವಾಗಿ ದುಡೀಲಿಕ್ಕೆ ಆಗದಾವರಿಗೆ ಸರಕಾರ ಕೊಡೂ ಭತ್ಯೆ. ಇದಕ್ಕೂ ವೀಸಾ ಅಡ್ಡ ಬರೂದಿಲ್ಲ. ಹಿಂದಿನ ಎರಡು ಪೂರ್ಣ ತೆರಿಗಿ ವರ್ಷ, ಅಂದ್ರ ಏಪ್ರಿಲ್ 6ರಿಂದ ಏಪ್ರಿಲ್ 5ರ ಲೆಕ್ಕದ ವರ್ಷ, ನೀ ಎಷ್ಟು ಕಟ್ಟೀದಿ ಅಂತ ನೋಡ್ತಾರ. ನೀ ವರ್ಷದ ನಡುವ ಬಂದಿದ್ರ ಸ್ವಲ್ಪ ಕಡಿಮಿ ಬೀಳಬಹುದು, ಆನ್‌ಲೈನ್‌ನಾಗ ನಿನ್ನ ಖಾತಿ ತೆಗದು ಇವತ್ತ ನೋಡ್ಕೋ. ರೊಕ್ಕ ಭಾಳಿಲ್ಲ: 2025-26ರಾಗ ಮೊದಲಿನ 13 ವಾರ 25 ವರ್ಷ ದಾಟಿದವರಿಗೆ ವಾರಕ್ಕ 92.05 ಪೌಂಡ್ ತನಕ. ಆಮ್ಯಾಲ ಸಪೋರ್ಟ್ ಗ್ರೂಪಿಗೆ, ಅಂದ್ರ ಕೆಲಸದ ತಯಾರಿನೂ ಮಾಡಲಿಕ್ಕೆ ಆಗದಾವರ ಗುಂಪಿಗೆ, ಹಾಕಿದ್ರ 140.55 ತನಕ. ಖೋಲಿ ಬಾಡಿಗಿಗೇ ಸಾಲೂದಿಲ್ಲ ಅಂತಿ, ಖರೇ. ಆದ್ರ ಸಾಲಕ್ಕ ಸಾಲ ಮಾಡೂದು ನಿಲ್ತದ.

ಇನ್ನೊಂದು ನೀ ಕೇಳೇ ಇಲ್ಲ. ನಿನಗ ಪೆಟ್ಟಾದದ್ದು ಕೆಲಸದ ಮ್ಯಾಲ. ಕೆಲಸದಾಗ ಆದ ಅಪಘಾತಕ್ಕ ಇಂಡಸ್ಟ್ರಿಯಲ್ ಇಂಜುರೀಸ್ ಡಿಸೇಬಲ್‌ಮೆಂಟ್ ಬೆನಿಫಿಟ್ ಅಂತ ಬ್ಯಾರೆನೇ ಅದ, ಅದೂ ಆ ಪಟ್ಟಿಯಾಗಿಲ್ಲ. ನೀ ಕೇಳಬಹುದಾದವುಗಳಾಗ ನಮ್ಮ ಊರಿನ ಹಂಗ ಪರ್ಸೆಂಟ್ ಹಚ್ಚೂದು ಇದೊಂದಕ್ಕ. ಸಾಮಾನ್ಯವಾಗಿ 14 ಪರ್ಸೆಂಟ್ ಇಲ್ಲಾ ಅದಕ್ಕಿಂತ ಹೆಚ್ಚಿದ್ರ ಕೊಡ್ತಾರ, ಅಪಘಾತ ಆಗಿ 15 ವಾರ ಆದ ಮ್ಯಾಲಿಂದ. ಕೇರ್ ಹೋಮ್‌ನ ಅಪಘಾತದ ಪುಸ್ತಕದಾಗ ಅವತ್ತಿಂದು ಬರದಾರೋ ಇಲ್ಲೋ ಕೇಳು. ಬರದಿಲ್ಲಂದ್ರ ಅವತ್ತು ಜೊತಿ ಡ್ಯೂಟಿಯಾಗ ಇದ್ದವರ ಕಡಿಂದ ಒಂದು ಈಮೇಲ್ ತಗೊಂಡು ಇಟ್ಕೋ. ಇದನ್ನ ಮ್ಯಾನೇಜರ್ ಮಾರಿ ನೋಡಿ ಬಿಡಬ್ಯಾಡ. ಮತ್ತ ಜಡ್ಡಿನ ರಜಾದಾಗ ಪಗಾರ ಕಡಿಮಿ ಆತು ಅಂತ ಮಾಲಕರು ನಿನ್ನ ವೀಸಾದ ಸ್ಪಾನ್ಸರ್‌ಶಿಪ್ ತೆಗೀಬೇಕು ಅನ್ನೂ ನಿಯಮ ಇಲ್ಲ, ಜಡ್ಡಿನ ರಜಾಕ್ಕ ಅದರಾಗ ವಿನಾಯಿತಿ ಅದ.

ಈಗ ಫಾರ್ಮ್. ಇಲ್ಲೇ ನಮ್ಮ ಮಂದಿ ಸೋಲ್ತಾರ.

ನಮ್ಮ ಊರಾಗ ಡಾಕ್ಟರ್ ಮುಂದ ಕೂತ್ರ, ಜಡ್ಡಿನ ಹೆಸರು ಹೇಳಿ ಎಕ್ಸ್‌ರೇ ಚೀಲ ಮುಂದಿಟ್ರ ಆತು, ಉಳಿದಿದ್ದು ಅವರು ನೋಡ್ತಾರ. ಇಲ್ಲಿ ಎಂಆರ್‌ಐ ರಿಪೋರ್ಟ್ ಲಗತ್ತು ಮಾಡು, ಬ್ಯಾಡ ಅನ್ನೂದಿಲ್ಲ. ಆದ್ರ ಆ ರಿಪೋರ್ಟಿಗೆ ಅಂಕ ಇಲ್ಲ. ಅಂಕ ಇರೂದು ನಿನ್ನ ಕೈಲಿ ಏನು ಆಗೂದಿಲ್ಲ ಅನ್ನೂದಕ್ಕ. ಇಎಸ್ಎದಾಗ 15 ಅಂಕ ಆಗಬೇಕು. ಪ್ರಶ್ನಿ ಎಂಥವು ಅಂದ್ರ: ಐವತ್ತು ಮೀಟರ್ ನಡದು, ತಡದು, ಮತ್ತ ನಡೀಲಿಕ್ಕೆ ಆಗ್ತದೇನು? ಕಟಾಂಜನ ಹಿಡದು, ಇನ್ನೊಬ್ಬರ ಆಸರಾ ಇಲ್ಲದ ಎರಡು ಮೆಟ್ಟಲ ಹತ್ತಿ ಇಳೀತಿಯೇನು? ಕೆಲಸದ ಜಾಗದಾಗ ಕೂತೋ ನಿಂತೋ ಒಂದು ತಾಸು ಇರ್ತಿಯೇನು, ಅರ್ಧ ತಾಸರ? ಕೋಟಿನ ಎದಿ ಕಿಸೆದಾಗ ಏನರ ಇಡೂ ಹಂಗ ಕೈ ಎತ್ತಲಿಕ್ಕೆ ಬರ್ತದೇನು? ಅರ್ಧ ಲೀಟರ್ ತುಂಬಿದ ಡಬ್ಬಿ, ಅಂದ್ರ ನಮ್ಮ ನಂದಿನಿ ಹಾಲಿನ ಪಾಕೀಟಿನಷ್ಟು ಭಾರ, ಎತ್ತಿ ಸರಸ್ತಿಯೇನು?

ನೀ ಐವತ್ತು ಮೀಟರ್‌ಗೆ 'ಹೌದು' ಅಂತ ಟಿಕ್ ಹಾಕಾಂವ, ನನಗ ಗೊತ್ತು. ಯಾಕಂದ್ರ ಒಂದು ಸಲ ನಡೀತಿ. ಅವರು ಕೇಳೂದು ಒಂದು ಸಲದ್ದಲ್ಲ. ನಡದ ಮ್ಯಾಲ ಎಷ್ಟು ಹೊತ್ತು ಕೂಡಬೇಕು, ಕಾಲು ಎಷ್ಟೊತ್ತು ಉರೀತದ, ಮತ್ತ ತಿರುಗಿ ನಡೀಲಿಕ್ಕೆ ಆತೋ ಇಲ್ಲೋ, ಅದನ್ನ ಬರಿ. 'ಸ್ವಲ್ಪ ತ್ರಾಸ ಆಗ್ತದ' ಅಂತ ಬರದ್ರ ಅದು ಓದಾವರಿಗೆ ಏನೂ ಹೇಳೂದಿಲ್ಲ. 'ಬಸ್ ಸ್ಟಾಪಿನ ತನಕ ಹೋಗೂದ್ರಾಗ ಎರಡು ಕಡೆ ಗ್ವಾಡಿ ಹಿಡದು ನಿಲ್ತೀನಿ, ಹೋದ ವಾರ ನಾಕು ದಿನ ಹೊರಗ ಹೋಗಲೇ ಇಲ್ಲ' ಅಂತ ಬರಿ. ಚಲೋ ದಿನದ್ದೊಂದು, ಕೆಟ್ಟ ದಿನದ್ದೊಂದು, ವಾರದಾಗ ಯಾವು ಹೆಚ್ಚು. ಅದಕ್ಕ ಇವತ್ತಿಂದ ಒಂದು ವಹಿ ಇಡು. ಕನ್ನಡದಾಗೇ ಬರಕೋ, ಆಮ್ಯಾಲ ಇಂಗ್ಲಿಷ್‌ಗೆ ತರಬಹುದು.

ನನ್ನದು ಪಿಪ್, ಪ್ರಶ್ನಿ ಬ್ಯಾರೆ, ಚಾಲ ಅದೇ. ಅಡಗಿ ಮಾಡ್ತೀರೇನು ಅಂತ ಕೇಳ್ತಾರ. ಜ್ವಾಳದ ರೊಟ್ಟಿ ಬಡೀಲಿಕ್ಕೆ ಬೆರಳು ಬರೂದಿಲ್ಲ ಅಂತ ನಾ ಗೋಳಾಡಿದ್ರ ಒಂದು ಅಂಕಾನೂ ಇಲ್ಲ. ಅವರ ಲೆಕ್ಕದಾಗ ಅಡಗಿ ಅಂದ್ರ ಒಬ್ಬರಿಗೆ ಆಗೂಷ್ಟು, ಹಸಿ ಕಾಯಿಪಲ್ಯೆ ಹೆಚ್ಚಿ, ಸೊಂಟದ ಎತ್ತರದ ಒಲಿ ಮ್ಯಾಲ ಬೇಯಿಸೂ ಸಾದಾ ಊಟ. ಅದಕ್ಕ ನಾ ಉಳ್ಳಾಗಡ್ಡಿ ಹೆಚ್ಚೂದು ಬರದೆ: ಚಾಕು ಹೆಂಗ ಜಾರ್ತದ, ಬೋಗೋಣಿ ಎರಡೂ ಕೈಲೆ ಹಿಡದ್ರೂ ಹೆಂಗ ವಾಲ್ತದ. ಜಳಕದ ಪ್ರಶ್ನಿನೂ ಹಂಗ. 'ದಿನಾ ಜಳಕ ಮಾಡ್ತೀನಿ' ಅನ್ನೂದು ನಮಗ ಸಹಜ. ಆದ್ರ ನೀ ಟಬ್ಬಿನ ಅಂಚು ದಾಟಲಿಕ್ಕೆ ಬರದ ಸಲುವಾಗಿ ಸ್ಟೂಲ್ ಮ್ಯಾಲ ಕೂತು ಬಕೇಟು ಚಂಬು ತಗೊಂಡು ಜಳಕ ಮಾಡ್ತಿದ್ರ, ಅವರಿಗೆ ಬೇಕಾದದ್ದು ಆ ಮಾತು.

ಆಳಂದ ಕಡೆ ಒಬ್ಬ ಕಾಕಾ, ಇಲ್ಲೇ ನಮ್ಮ ಓಣಿಯಾಗ, ಪಾರ್ಶ್ವವಾಯು ಆಗಿ ಬಲಗೈ ಹೋಗಿತ್ತು. ಪಿಪ್ ಫಾರ್ಮ್ ಕೊಟ್ಟ ಮ್ಯಾಲ ತಪಾಸಣಿ ಮಾಡಾಕಿ ಮನಿಗೆ ಬರ್ತಾಳ ಅಂತ ಮುಂಜಾನಿ ಮಗನ ಕಡಿಂದ ದಾಡಿ ಮಾಡಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಕೂತ. ಗುಂಡಿ ಹಾಕಿದಾಕಿ ಹೆಂಡ್ತಿ. ಬಲಗೈ ಕಿಸೆದಾಗ. ಬಂದಾಕಿ ಹೆಂಗಿದ್ದೀರಿ ಅಂದ್ರ ನಗನಗತಾ ಆರಾಮ ಅಂದ, ಎಡಗೈಲೆ ಚಹಾದ ಕಪ್ಪು ಮುಂದ ಮಾಡಿದ. ಕಾಗದ ಬಂತು: 'ನೀಟಾಗಿ ಉಡುಪು ಹಾಕಿದ್ದರು, ಚಹಾ ಕೊಟ್ಟರು, ಸಲೀಸಾಗಿ ಮಾತಾಡಿದರು.' ಅಂಕ ಸಾಲಲಿಲ್ಲ. ಆಕಿ ಕಂಡಿದ್ದನ್ನ ಬರದಾಳ, ಬಿಡು. ಒಂದು ತಿಂಗಳ ಒಳಗ ಮರುಪರಿಶೀಲನಾ ಕೇಳಿದ್ರು, ಅಲ್ಲೂ ಇಲ್ಲ ಅಂದ್ರು. ಟ್ರಿಬ್ಯುನಲ್‌ಗೆ ಹೋದ್ರು. ಅಲ್ಲಿ ಜಡ್ಜ್, ಒಬ್ಬ ಡಾಕ್ಟರ್, ಅಂಗವೈಕಲ್ಯ ಬಲ್ಲ ಇನ್ನೊಬ್ಬರು ಕೂಡ್ತಾರ. ಕಾಕೂನ ಕರದು ಕೂಡಿಸಿ, ಗುಂಡಿ ಯಾರು ಹಾಕ್ತಾರ, ಊಟದ ತಾಟಿನಾಗ ರೊಟ್ಟಿ ಯಾರು ಮುರೀತಾರ ಅಂತ ಕೇಳಿದ್ರು. ಕಾಕಾ ತೆಲಿ ತಗ್ಗಿಸಿ ಕೂತಿದ್ದ, ಕಾಕು ಎಲ್ಲಾ ಹೇಳಿದಳು. ಕೇಸು ಗೆದ್ರು.

ಅದಕ್ಕ ನಿನ್ನ ತಪಾಸಣಿ ದಿನ ನಿನ್ನ ಕೂಡ ಖೋಲಿಯ ದೋಸ್ತನ್ನ ಕೂಡಿಸ್ಕೋ, ನಿನ್ನ ಸಾಕ್ಸ್ ಯಾರು ಹಾಕ್ತಾರ ಅಂತ ಅವ ಹೇಳ್ಲಿ. ಇಂಗ್ಲಿಷ್‌ನಾಗ ತಡವರಿಸ್ತಿ ಅಂದ್ರ ಮೊದಲೇ ಕನ್ನಡದ ದುಭಾಷಿ ಬೇಕು ಅಂತ ಕೇಳು, ಅದಕ್ಕ ರೊಕ್ಕ ಇಲ್ಲ. ಫಾರ್ಮ್ ತುಂಬಲಿಕ್ಕೆ ಸಿಟಿಜನ್ಸ್ ಅಡ್ವೈಸ್ ಅನ್ನೂ ಸಲಹಾ ಸಂಸ್ಥೆಯವರು ಪುಕಟ ಸಹಾಯ ಮಾಡ್ತಾರ. ನಮ್ಮ ಮಂದ್ಯಾಗೇ ಕಮಿಷನ್ ಮ್ಯಾಲ ಫಾರ್ಮ್ ತುಂಬಿ ಕೊಡಾವರು ಇದ್ದಾರ, ಅವರ ಕಡೆ ಹೋಗಬ್ಯಾಡ.

ಅಣ್ಣನ ಸರ್ಟಿಫಿಕೇಟಿಂದು. ಜಿಮ್ಸ್ ಬೋರ್ಡ್ ಕೊಡೂ ಯುಡಿಐಡಿ, ಅಂದ್ರ ಅಂಗವಿಕಲರ ಗುರುತಿನ ಕಾರ್ಡ್, ಇಲ್ಲಿ ನಡೂದಿಲ್ಲ, ಇಎಸ್ಎದಾಗ ಪರ್ಸೆಂಟೇ ಕೇಳೂದಿಲ್ಲ. ನೀ ಕಾಯಂ ತಿರುಗಿ ಹೋದ್ರ ಮಾತು ಬ್ಯಾರೆ: ಅಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಕಡಿಮಿ ಅಂದ್ರ 40 ಪರ್ಸೆಂಟ್ ಇದ್ದಾವರಿಗೆ ನೌಕರಿ ಮೀಸಲಾತಿ ಅದು ಇದು ಅದ. ಆಪರೇಷನ್ ಆಗಿ ಐದು ತಿಂಗಳಿಗೇ ಅದಕ್ಕ ಓಡೂದು ಅವಸರ ಆತು.

ಅವ್ವನ ನೋಡಿ ಬರ್ತೀನಿ ಅಂದಿ. ಹೋಗು, ಯಾರೂ ಬ್ಯಾಡ ಅನ್ನೂದಿಲ್ಲ. ಆದ್ರ ಇಎಸ್ಎ ಶುರು ಆದ ಮ್ಯಾಲ ಹೊರದೇಶದಾಗ ನಾಕು ವಾರ ಅಷ್ಟೇ ಇರಬಹುದು. ಅಲ್ಲಿ ಉಪಚಾರಕ್ಕಂತ ಹೋದ್ರ 26 ವಾರದ ತನಕ ಆಗ್ತದ. ಎಣ್ಣಿ ತಿಕ್ಕಿಸ್ಕೊಂಡೆ ಅಂದ್ರ ನಡೂದಿಲ್ಲ, ಡಾಕ್ಟರ್ ಪತ್ರ ಬೇಕು. ಟಿಕೆಟ್ ತೆಗಸೂ ಮೊದಲ ಇಎಸ್ಎ ನೋಡ್ಕೊಳ್ಳೂ ಸರಕಾರಿ ಕಚೇರಿ, ಜಾಬ್‌ಸೆಂಟರಿಗೆ ತಿಳಸು. ಅದಕ್ಕಿಂತ ಮುಂಚೆ ನಾಳೆ ಕೇರ್ ಹೋಮ್ ಆಫೀಸಿಗೆ ಎಸ್ಎಸ್‌ಪಿ1 ಫಾರ್ಮ್, ಅಂದ್ರ ಸಿಕ್ ಪೇ ಮುಗೀತದ ಅಂತ ಮಾಲಕರು ಬರದು ಕೊಡೂ ಕಾಗದ, ಕೊಡ್ರಿ ಅಂತ ಈಮೇಲ್ ಹಾಕು. ಜಡ್ಡು 28 ವಾರ ದಾಟೂ ಹಂಗಿದ್ರ 23ನೇ ವಾರದ ಶುರುದಾಗೇ ಮಾಲಕರು ಅದನ್ನ ಕೊಡಬೇಕು. ಇಎಸ್ಎ ಅರ್ಜಿ ಹಾಕುವಾಗ ಅದನ್ನೇ ಕೇಳ್ತಾರ.