ಬೆಂಕಿಪೊಟ್ಟಣದಲ್ಲಿರುವ ಚಿನ್ನದ ಚೂರುಗಳು

ಪ್ರಶ್ನೆ: ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ರಸಾಯನಶಾಸ್ತ್ರ ನನ್ನ ವಿಷಯ. ಕಲಾ ಸಂರಕ್ಷಣೆಯ ಎಂ.ಎ.ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಹೋದ ರಾಮನವಮಿಗೆ ಮುಂಚೆ, ಅಜ್ಜಿಯ ದೇವರಮನೆಯಲ್ಲಿದ್ದ ಮೈಸೂರು ಶೈಲಿಯ ಹಳೇ ಪಟ್ಟಾಭಿಷೇಕದ ಚಿತ್ರದ ಗಾಜು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ರಾಮನ ಕಿರೀಟದ ಚಿನ್ನ ಕಿತ್ತುಬಂತು. ಗಾಬರಿಯಲ್ಲಿ ಅಂಗಡಿಯ ಬಿಳಿ ಗೋಂದು, ಚಿನ್ನದ ಬಣ್ಣ ಹಚ್ಚಿ ಮುಚ್ಚಿಬಿಟ್ಟೆ. ಉದುರಿದ ಚೂರುಗಳು ಬೆಂಕಿಪೊಟ್ಟಣದಲ್ಲಿವೆ. ಅಜ್ಜಿಗೆ ಗೊತ್ತಿಲ್ಲ, ಹೊಳಪು ನೋಡಿ ಹೊಗಳಿದರು. ಈ ಓದು ಯಾಕೆ ಬೇಕು ಎಂದು ಅರ್ಜಿಯಲ್ಲಿ ಬರೆಯಬೇಕು. ‘ಮನೆಯ ಚಿತ್ರ ಸರಿಮಾಡಿದ್ದೀನಿ ಅಂತ ಬರಿ’ ಅನ್ನುತ್ತಾಳೆ ಗೆಳತಿ. ಏನು ಮಾಡಲಿ?
– ಓದುಗಿ, ಮೈಸೂರು

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ಬೆಂಕಿಪೊಟ್ಟಣದ ಮೇಲೆ. ಅಷ್ಟು ಗಾಬರಿಯಲ್ಲೂ ಚೂರುಗಳನ್ನು ಗುಡಿಸಿ ಎಸೆಯಲಿಲ್ಲವಲ್ಲ, ಈ ಓದಿಗೆ ಬೇಕಾದ ಬುದ್ಧಿ ಅದೇ.

ಗೆಳತಿಯ ಮಾತು ಬೇಡ. ಸಂದರ್ಶನದಲ್ಲಿ ಕೂತವರು ‘ಯಾವ ಅಂಟು ಹಾಕಿದಿರಿ? ಮತ್ತೆ ಬಿಡಿಸೋಕೆ ಬರುತ್ತಾ?’ ಎಂದು ಕೇಳಿದರೆ ಏನು ಹೇಳುತ್ತೀರಿ? ನಾವು ಸೇರಿಸಿದ್ದನ್ನು ಮುಂದಿನವರು ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯಲು ಬರಬೇಕು ಎಂಬುದು ಸಂರಕ್ಷಣೆಯ ಮೊದಮೊದಲ ಪಾಠ.

ಆದದ್ದನ್ನೇ ಬರೆಯಿರಿ. ಅದು ತಪ್ಪೊಪ್ಪಿಗೆಯಂತೆ ಬೇಡ, ರಸಾಯನಶಾಸ್ತ್ರ ಓದಿದವರು ಬರೆದಂತಿರಲಿ. ಮೈಸೂರು ಚಿತ್ರದಲ್ಲಿ ಚಿನ್ನದ ಕೆಳಗಿರುವ ಉಬ್ಬುಕೆಲಸದ ಲೇಪವನ್ನು ಹಿಡಿದಿಡುವುದು ಗೋಂದು. ಅದು ನೀರು ಕುಡಿದರೆ ಸಡಿಲವಾಗಿ, ಮೇಲಿನ ಚಿನ್ನದ ರೇಕೂ ಜೊತೆಗೆ ಏಳುತ್ತದೆ. ನೀವು ಹಚ್ಚಿದ ಬಿಳಿ ಗೋಂದು ಒಣಗಿದ ಮೇಲೆ ಹಾಗೆ ಸುಲಭವಾಗಿ ಬಿಡದು, ಕೆರೆಯಲು ಹೋದರೆ ಹಳೆಯದೇ ಮೊದಲು ಹೋಗುತ್ತದೆ. ಇದು ಯಾಕೆ ಹೀಗಾಯಿತೆಂದು ತಿಳಿಯಬೇಕೆನ್ನುವ ನಿಮ್ಮ ತಹತಹವೇ ಈ ಓದಿಗೆ ಕಾರಣವಲ್ಲವೇ?

ಅಜಂತಾದ ಕಥೆ ಗೊತ್ತಿರಲಿ. 1920ರ ದಶಕದ ಆರಂಭದಲ್ಲಿ ನಿಜಾಮರ ಸರ್ಕಾರ ಇಟಲಿಯಿಂದ ಪರಿಣತರನ್ನೇ ಕರೆಸಿತ್ತು. ಏಳುತ್ತಿದ್ದ ಬಣ್ಣದ ಪದರವನ್ನು ಅವರು ಕೂರಿಸಿದರು, ನಿಜ. ಆದರೆ ಮೇಲೆ ಬಳಿದ ಅರಗಿನ ವಾರ್ನಿಷ್ ವರ್ಷಗಳುರುಳಿದಂತೆ ಹಳದಿಗಟ್ಟಿ, ಕಪ್ಪಾಗಿ, ಚಿತ್ರಗಳನ್ನೇ ಮಸುಕು ಮಾಡಿತು. ಅದನ್ನು ಬಿಡಿಸುವುದೇ ಪುರಾತತ್ವ ಇಲಾಖೆಯ ರಸಾಯನಶಾಸ್ತ್ರಜ್ಞರಿಗೆ ದೊಡ್ಡ ಕೆಲಸವಾಯಿತು.

ಅರ್ಜಿಗಿಂತ ಕಷ್ಟದ್ದು ಅಜ್ಜಿಗೆ ಹೇಳುವುದು. ಅರ್ಜಿ ಕಳಿಸುವ ಮುಂಚೆಯೇ ಹೇಳಿ. ಆ ಚಿತ್ರ ಅವರು ದಿನಾ ಕೈಮುಗಿಯುವ ದೇವರು, ಅದರ ಬಗ್ಗೆ ಏನು ನಿರ್ಧಾರವಾಗಬೇಕಾದರೂ ಅವರ ಒಪ್ಪಿಗೆ ಬೇಕು. ಬೈದರೆ ಬೈಸಿಕೊಳ್ಳಿ. ಆಮೇಲೆ ಪಕ್ಕದಲ್ಲಿ ಕೂತು, ಚಿತ್ರ ಯಾರ ಕಾಲದ್ದು, ಎಲ್ಲಿಂದ ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಂರಕ್ಷಕರಿಗೆ ಆ ವಿವರ ಚಿನ್ನದಷ್ಟೇ ಮುಖ್ಯ.

ಓದಿಗೆ ನೊಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಇದೆ, ಮೊದಲು ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಆಗಿದ್ದದ್ದು. ಈ ಸಲದ ಅರ್ಹತಾ ನಿಯಮಗಳನ್ನು ಅಧಿಸೂಚನೆಯಲ್ಲೇ ಓದಿ, ಅವರಿವರ ಮಾತು ನಂಬಬೇಡಿ.

ಚಿತ್ರವನ್ನು ಮಾತ್ರ ಇನ್ನು ಮುಟ್ಟಬೇಡಿ. ಅಜ್ಜಿ ಒಪ್ಪಿದರೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ, ಕಲೆ-ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರದವರನ್ನು ವಿಚಾರಿಸಿ. ಚೂರುಗಳು ಯಾವ ಭಾಗದವು, ಯಾವತ್ತು ಉದುರಿದವು ಎಂದು ಪೊಟ್ಟಣದ ಮೇಲೆ ಬರೆದು, ಅದನ್ನೂ ಜೊತೆಗೆ ಒಯ್ಯಿರಿ.