ಪೋರ್ಫಿರಿನ್ ನ್ಯಾನೋಕಾಂಪೋಸಿಟ್ ಕ್ಯಾಟಲಿಸ್ಟ್: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ತಗೋಬಹುದಾ?

ಮಂಡ್ಯದಿಂದ ನೀವು ಕೇಳಿರುವುದು ಇಷ್ಟು: ಗೈಡ್ ಈ ವಿಷಯ ಕೊಟ್ಟಿದ್ದಾರೆ. ಪೋರ್ಫಿರಿನ್, ಥ್ಯಾಲೋಸಯನಿನ್ (ನಡುವೆ ಲೋಹ ಹಿಡಿದುಕೊಳ್ಳುವ ಉಂಗುರದಂಥ ಅಣುಗಳು) ಎರಡೂ ಮೊದಲೇ ಒಳ್ಳೆ ಕ್ಯಾಟಲಿಸ್ಟ್‌ಗಳಾದರೆ (ವೇಗವರ್ಧಕಗಳಾದರೆ) ಅವನ್ನು ನ್ಯಾನೋ ಕಣಗಳಿಗೆ ಯಾಕೆ ಅಂಟಿಸಬೇಕು? ಒಂದು ಸೆಮಿಸ್ಟರ್‌ನಲ್ಲಿ ಮುಗಿಯುತ್ತಾ?

ಮುಗಿಯುತ್ತದೆ, ಧೈರ್ಯವಾಗಿ ತಗೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ನನ್ನ ಪಿಎಚ್.ಡಿ. ಇದರ ಮೇಲೆಯೇ ಆಯಿತು. ಕ್ಯಾಟಲಿಸ್ಟ್ ತಯಾರಿಸುವುದು ಅಂಥ ಕಷ್ಟವಲ್ಲ. ಕೆಲಸ ಮಾಡಿದ್ದು ಅದೇ ಎಂದು ತೋರಿಸುವುದೇ ನಿಜವಾದ ಪ್ರಾಜೆಕ್ಟ್.

ಮೊದಲು ‘ಯಾಕೆ’ ನೋಡೋಣ. ನಮ್ಮ ಲಿವರ್‌ನಲ್ಲಿರುವ ಸೈಟೋಕ್ರೋಮ್ ಪಿ450 ಕಿಣ್ವದ ಒಳಗೆ ಇರುವುದು ಹೀಮ್, ಅಂದರೆ ಕಬ್ಬಿಣದ ಪೋರ್ಫಿರಿನ್. 1979ರಲ್ಲಿ ಜಾನ್ ಗ್ರೋವ್ಸ್ ತಂಡ ಪ್ರೋಟೀನ್ ಇಲ್ಲದೆ, ಬರೀ ಕಬ್ಬಿಣದ ಪೋರ್ಫಿರಿನ್ ಮತ್ತು ಆಕ್ಸಿಜನ್ ಕೊಡುವ ಅಯೊಡೊಸಿಲ್‌ಬೆಂಜೀನ್ ಬಳಸಿ ಆಲ್ಕೀನ್‌ನಿಂದ (ಕಾರ್ಬನ್‌ಗಳ ನಡುವೆ ಜೋಡಿಬಂಧವಿರುವ ಅಣು) ಎಪಾಕ್ಸೈಡ್ (ಆ ಬಂಧಕ್ಕೆ ಆಕ್ಸಿಜನ್ ಸೇರಿದ್ದು) ಮಾಡಿ ತೋರಿಸಿತು. ಆದರೆ ಪ್ರೋಟೀನ್ ಹೋದರೆ ಕಾವಲೂ ಹೋಯಿತು. ಎರಡು ಪೋರ್ಫಿರಿನ್ ಅಣುಗಳು ನಡುವೆ ಒಂದು ಆಕ್ಸಿಜನ್ ಇಟ್ಟುಕೊಂಡು ಜೋಡಿಯಾಗುತ್ತವೆ. ಇಲ್ಲವೇ ಒಂದು ಇನ್ನೊಂದನ್ನು ಆಕ್ಸಿಡೈಸ್ ಮಾಡಿ ಹಾಳುಮಾಡುತ್ತದೆ. ಫ್ಲಾಸ್ಕ್‌ನಲ್ಲಿ ಬಣ್ಣ ಮಾಸುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಸಿಲಿಕಾ ಹೊದಿಸಿದ ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ನ್ಯಾನೋ ಕಣಗಳ ಮೇಲೆ ಇವನ್ನು ದೂರ ದೂರ ಕೂರಿಸಿದರೆ ಈ ಜಗಳ ತಪ್ಪುತ್ತದೆ. ಅದಕ್ಕೇ ಲೋಡಿಂಗ್ (ಕಣದ ಮೇಲೆ ಕೂರಿಸುವ ಪೋರ್ಫಿರಿನ್ ಪ್ರಮಾಣ) ಜಾಸ್ತಿ ಮಾಡಬೇಡಿ. ಕೊನೆಗೆ ಆಯಸ್ಕಾಂತ ಹಿಡಿದು ಎಳೆದುಕೊಳ್ಳಬಹುದು ಎಂಬುದು ಮೇಲಿನ ಲಾಭ.

ಥ್ಯಾಲೋಸಯನಿನ್ ಇನ್ನೂ ಗಟ್ಟಿ, ಅಗ್ಗ ಕೂಡ. ಕಲರ್ ಪ್ರಿಂಟರ್‌ನ ಸಯಾನ್ ಬಣ್ಣ ತಾಮ್ರದ ಥ್ಯಾಲೋಸಯನಿನ್ನೇ. ಪೆಟ್ರೋಲ್ ರಿಫೈನರಿಗಳಲ್ಲಿ ದುರ್ವಾಸನೆಯ ಥಯಾಲ್‌ಗಳನ್ನು (ಗಂಧಕದ ಸಂಯುಕ್ತಗಳು) ಡೈಸಲ್ಫೈಡ್ ಮಾಡುವ ಮೆರಾಕ್ಸ್ ವಿಧಾನದಲ್ಲಿ ಕೋಬಾಲ್ಟ್ ಥ್ಯಾಲೋಸಯನಿನ್ ದುಡಿಯುತ್ತದೆ. ತೊಂದರೆ ಎಂದರೆ ಅದು ಸುಲಭಕ್ಕೆ ಕರಗುವುದಿಲ್ಲ, ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಮೊದಲ ಸಲಕ್ಕೆ ನಾನಾದರೆ ಪೋರ್ಫಿರಿನ್ನೇ ಆರಿಸುತ್ತೇನೆ.

ಬೆಂಜಾಲ್ಡಿಹೈಡ್, ಪಿರೋಲ್ ಎರಡನ್ನೂ ಪ್ರೊಪಿಯಾನಿಕ್ ಆಸಿಡ್‌ನಲ್ಲಿ ಅರ್ಧ ಗಂಟೆ ರಿಫ್ಲಕ್ಸ್ ಮಾಡಿದರೆ (ಆವಿ ತಣಿದು ಮತ್ತೆ ಫ್ಲಾಸ್ಕ್‌ಗೇ ಇಳಿಯುವಂತೆ ಕುದಿಸಿದರೆ) ಟಿಪಿಪಿ, ಅಂದರೆ ಟೆಟ್ರಾಫೀನೈಲ್‌ಪೋರ್ಫಿರಿನ್ ಸಿಗುತ್ತದೆ. ಪಿರೋಲ್ ಬಾಟಲಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಡಿಸ್ಟಿಲ್ ಮಾಡಿಕೊಳ್ಳಿ. ಫ್ಲಾಸ್ಕ್ ಡಾಂಬರಿನ ಹಾಗೆ ಕಪ್ಪಾದಾಗ ಗಾಬರಿಯಾಗಬೇಡಿ. ತಣ್ಣಗಾದ ಮೇಲೆ ಸೋಸಿ, ಮೆಥನಾಲ್‌ನಲ್ಲಿ ತೊಳೆಯುತ್ತಾ ಹೋಗಿ. ಕೊಳೆ ಹರಿದು ಹೋಗಿ ಫಿಲ್ಟರ್ ಪೇಪರ್ ಮೇಲೆ ನೇರಳೆ ಹರಳುಗಳು ಮಿರಮಿರ ಮಿಂಚುತ್ತವೆ. ಅದರ ದ್ರಾವಣ ಯುವಿ ದೀಪದಡಿ ಕೆಂಪಗೆ ಹೊಳೆಯುತ್ತದೆ. ಇಳುವರಿ ಶೇ. 20ರ ಆಸುಪಾಸು, ಅಷ್ಟೇ. (ನೀವು ಮಂಡ್ಯದವರು ಎಂದು ಹೇಳುತ್ತೇನೆ: ಕಬ್ಬಿನ ಸಿಪ್ಪೆಯಿಂದ ಫರ್ಫ್ಯುರಾಲ್, ಅದರಿಂದ ಫ್ಯುರಾನ್, ಅದಕ್ಕೆ ಅಮೋನಿಯ ಸೇರಿಸಿದರೆ ಪಿರೋಲ್!) ಕಣಕ್ಕೆ ಗಟ್ಟಿಯಾಗಿ ಕಟ್ಟಬೇಕಾದರೆ ಕಾರ್ಬಾಕ್ಸಿಲ್ ಗುಂಪುಗಳಿರುವ ಪೋರ್ಫಿರಿನ್ ಬೇಕು. ಕಣದ ಮೇಲಿನ ಅಮೀನ್ ಜೊತೆ ಅಮೈಡ್ ಬಂಧ ಮಾಡಿಸಿ, ಆಮೇಲೆ ಮ್ಯಾಂಗನೀಸ್ ಅಥವಾ ಕಬ್ಬಿಣ ತುಂಬಿ. ಸುಮ್ನೆ ಮೇಲ್ಮೈಗೆ ಅಂಟಿಸಿದ್ದು ಸಾಲ್ವೆಂಟ್‌ನಲ್ಲಿ ಬಿಟ್ಟುಕೊಂಡುಬಿಡಬಹುದು.

ಈಗ ಮುಖ್ಯ ವಿಷಯ. ಐದು ಸಲ ಮರುಬಳಕೆ ಮಾಡಿದೆವು ಎಂದರೆ ಸಾಲದು. ರಿಯಾಕ್ಷನ್ ಅರ್ಧ ನಡೆದಾಗ, ಬಿಸಿಯಿರುವಾಗಲೇ ಕ್ಯಾಟಲಿಸ್ಟ್ ತೆಗೆದು, ಉಳಿದ ದ್ರಾವಣವನ್ನು ಅದೇ ಶಾಖದಲ್ಲಿ ಮುಂದುವರಿಸಿ. ಕನ್ವರ್ಷನ್ (ಎಷ್ಟು ಪಾಲು ಉತ್ಪನ್ನವಾಯಿತು ಎಂಬ ಲೆಕ್ಕ) ಏರುತ್ತಲೇ ಇದ್ದರೆ ಕೆಲಸ ಮಾಡುತ್ತಿರುವುದು ಕಳಚಿಬಿದ್ದ ಪೋರ್ಫಿರಿನ್ನೋ ಲೋಹವೋ ಇರಬಹುದು. ತಣ್ಣಗಾಗಲು ಬಿಟ್ಟರೆ ಕಳಚಿದ್ದು ಮತ್ತೆ ಹೋಗಿ ಕೂತುಬಿಡಬಹುದು, ಅದಕ್ಕೇ ಬಿಸಿಯಲ್ಲೇ ಮಾಡುವುದು. ದ್ರಾವಣದಲ್ಲಿ ಸೋರೆಟ್ ಪೀಕ್ (ಬೆಳಕು ಹೀರುವಿಕೆಯಲ್ಲಿ ಪೋರ್ಫಿರಿನ್‌ನ ಗುರುತಿನ ಪೀಕ್) ಕಾಣಲಿಲ್ಲ ಎಂದು ನೆಮ್ಮದಿಯಾಗಬೇಡಿ. ಆಕ್ಸಿಡೆಂಟ್ ಪೋರ್ಫಿರಿನ್ ಉಂಗುರವನ್ನೇ ಒಡೆದುಹಾಕಿದ್ದರೆ ಪೀಕ್ ಎಲ್ಲಿಂದ ಬರಬೇಕು, ಅಲ್ವಾ? ಲೋಹ ಮಾತ್ರ ಅಲ್ಲೇ ಇರುತ್ತದೆ, ಐಸಿಪಿಯಲ್ಲಿ (ಲೋಹದ ಪ್ರಮಾಣ ಅಳೆಯುವ ಉಪಕರಣ) ಅಳೆಯಿರಿ.

ಬ್ಲಾಂಕ್‌ಗಳನ್ನು (ಪೂರ್ತಿ ಕ್ಯಾಟಲಿಸ್ಟ್ ಇಲ್ಲದೆ ಮಾಡುವ ಹೋಲಿಕೆಯ ಪ್ರಯೋಗಗಳು) ಬಿಡಲೇಬೇಡಿ. ಮ್ಯಾಗ್ನೆಟೈಟ್ ತಾನೇ ಹೈಡ್ರೋಜನ್ ಪೆರಾಕ್ಸೈಡ್ ಒಡೆದು ರಾಡಿಕಲ್ (ಒಂಟಿ ಎಲೆಕ್ಟ್ರಾನ್ ಇರುವ ಚುರುಕು ತುಣುಕು) ಹುಟ್ಟಿಸುತ್ತದೆ. ಹಾಗಾಗಿ ಬರೀ ಕಣ, ಲೋಹ ತುಂಬದ ಪೋರ್ಫಿರಿನ್ ಕಟ್ಟಿದ ಕಣ, ಬರೀ ಪೆರಾಕ್ಸೈಡ್, ಮೂರನ್ನೂ ಬೇರೆ ಬೇರೆ ಓಡಿಸಿ. ಸೈಕ್ಲೋಹೆಕ್ಸೀನ್ ಎಂಬ ಆಲ್ಕೀನ್ ಬಳಸಿದಾಗ ಎಪಾಕ್ಸೈಡ್ ಬದಲು ಅಲೈಲಿಕ್ ಆಲ್ಕೋಹಾಲ್, ಕೀಟೋನ್ ಜಾಸ್ತಿ ಬಂದರೆ ರಾಡಿಕಲ್ ದಾರಿ ಎಂದು ಅನುಮಾನಿಸಿ.

ಕ್ಯಾಟಲಿಸ್ಟ್ ಪರೀಕ್ಷಿಸುವ ರಿಯಾಕ್ಷನ್‌ಗೆ ನಿಮಗೆ ನನ್ನ ಸಲಹೆ ಥಯೋಅನಿಸೋಲ್‌ನಿಂದ (ಗಂಧಕವಿರುವ ಸಂಯುಕ್ತ) ಸಲ್ಫಾಕ್ಸೈಡ್. ಟಿಎಲ್‌ಸಿಯಲ್ಲೇ (ತೆಳು ಪದರದ ಕ್ರೊಮ್ಯಾಟೋಗ್ರಫಿ) ಹಿಂಬಾಲಿಸಬಹುದು, ಇನ್ನೊಂದು ಆಕ್ಸಿಜನ್ ಸೇರಿ ಸಲ್ಫೋನ್‌ವರೆಗೆ ಹೋಯಿತಾ ಎನ್ನುವುದೂ ಕಾಣುತ್ತದೆ. ಐಸಿಪಿ ಎಲ್ಲಿ ಮಾಡಿಸಬೇಕೆಂದು ಗೈಡ್ ಹತ್ತಿರ ಮೊದಲ ವಾರವೇ ಕೇಳಿ, ಅದರ ಸರದಿ ಯಾವಾಗಲೂ ತಡ.